ಬಾರದವನ ಹಕ್ಕು

ಮಾರ್ಚ್ ೧೭, ಬೆಳಿಗ್ಗೆ

ನನ್ನ ಗುಬ್ಬಿಗೆ,

ನಿನ್ನ ಅಷ್ಟೂ ಕಾಗದಗಳಿಗೆ ಸೇರಿಸಿ ಇದೊಂದೇ ಉತ್ತರ. ಬೈಯಬೇಡ. ಲಕ್ವ ಹೊಡೆದ ಬಲಗೈ ಇನ್ನೂ ಮುನಿಸಿಕೊಂಡೇ ಕೂತಿದೆ. ಎಡಗೈ ಕೆಲಸಕ್ಕೆ ಒಪ್ಪಿದೆ, ಆದರೆ ಅದರ ಅಕ್ಷರ ನೋಡಿದರೆ ಒಂದನೇ ತರಗತಿಯಲ್ಲಿ ನೀನು ಗೀಚುತ್ತಿದ್ದದ್ದೇ ವಾಸಿ. ನಿನ್ನ ಹವಾಮಾನ ಕೇಂದ್ರದ ಗುಡ್ಡಕ್ಕೆ ಫೋನು ಸಿಗದಿರುವುದೂ ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಫೋನಿನಲ್ಲಿ ನಾನು ತೊದಲುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ನಡೆಯುತ್ತೇನೆ. ಮನೆಯೊಳಗೆ ಕೋಲಿಲ್ಲದೆ, ಬೀದಿಯಲ್ಲಿ ಅಮ್ಮನ ತೋಳು ಹಿಡಿದು. ಬೆರಳುಗಳಿಗೆ ಬಲ ಬರಲೆಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟಿದ್ದಾರೆ. ಅಮ್ಮ ಕೆಲಸಕ್ಕೆ ಹೊರಡುವ ಮೊದಲು ನನ್ನ ಅಂಗಿಗೆ ಗುಂಡಿ ಹಾಕಿ, ಚೆಂಡನ್ನು ಕೈಗಿಟ್ಟು, "ಸುಮ್ನೆ ಕೂರಬೇಡಿ, ಅದುಮ್ತಾ ಇರಿ" ಎನ್ನುತ್ತಾಳೆ. ನಾನು ಅದುಮುತ್ತಾ ಸುಮ್ಮನೆ ಕೂರುತ್ತೇನೆ.

ಇನ್ನು ನಮ್ಮ ಬೈಂಡಿಂಗ್ ಸಂಘದ ವಿಷಯ. ನೀನು ರಟ್ಟಿನ ಚೂರುಗಳಲ್ಲಿ ಆಡಿ ಬೆಳೆದ ಆ ಮಹಡಿಯಲ್ಲಿ ಹೋದ ತಿಂಗಳು ವರ್ಷದ ಸಭೆ ನಡೆಯಿತು. ಸೇರಿದಂದಿನಿಂದ ನಾನು ತಪ್ಪಿಸಿದ ಮೊದಲ ಸಭೆ. ಅಂದು ಪದಾಧಿಕಾರಿಗಳ ಆಯ್ಕೆ ಇತ್ತು. ರಟ್ಟು ಕೂರಿಸುವ ಕೆಲಸಕ್ಕೆ ಅಮ್ಮನೂ ಹೋಗುತ್ತಾಳಲ್ಲ, ಅವಳೂ ಸದಸ್ಯೆಯೇ ಅಲ್ಲವೇ, ಹಾಗಾಗಿ "ನನ್ನ ಮತವನ್ನೂ ನನ್ನ ಹೆಂಡತಿಯೇ ಹಾಕಲಿ" ಎಂದು ಒಂದು ಚೀಟಿ ಬರೆದು ಅವಳ ಕೈಗೆ ಕೊಟ್ಟೆ. ಗಂಟೆಯಮ್ಮ ಅದನ್ನು ಹಾಗೇ ವಾಪಸು ಕಳಿಸಿದಳು.

ಗಂಟೆಯಮ್ಮ ಗೊತ್ತಲ್ಲ, ಪುಸ್ತಕದ ಬೆನ್ನಿಗೆ ಚಿನ್ನದ ಅಕ್ಷರ ಒತ್ತುವವಳು, ನಮ್ಮ ಅಧ್ಯಕ್ಷೆ. ಸಭೆಯಲ್ಲಿ ಯಾರಾದರೂ ಕೆಮ್ಮಿದರೂ ಗಂಟೆ ಬಾರಿಸುತ್ತಾಳೆ. "ಮತ ಅಂದ್ರೆ ಬುತ್ತಿ ಅಲ್ಲ, ಇನ್ನೊಬ್ಬರ ಕೈಲಿ ಕಳಿಸೋಕೆ. ಬಂದವರಿಗೆ ಉಂಟು, ಬಾರದವರಿಗೆ ಇಲ್ಲ" ಎಂದಳಂತೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಚೆಂಡು ಕಿಟಕಿಯಾಚೆ ಹೋಯಿತು. ಎಡಗೈಯಲ್ಲೇ ಎಸೆದಿದ್ದೆ, ಗುರಿ ಮಾತ್ರ ಚೆನ್ನಾಗಿತ್ತು.

ಸಭೆಯಲ್ಲಿ ಆಮೇಲೆ ಏನಾಯಿತೆಂದು ಅಮ್ಮ ಹೇಳಲಿಲ್ಲ. "ಮುಗೀತು, ಏಳಿ, ಊಟ ಮಾಡಿ" ಎಂದಳಷ್ಟೆ. ಮುಂದಿನ ವಾರ ಕಾಗದ ಕತ್ತರಿಸುವ ಯಂತ್ರದ ದಪ್ಪಣ್ಣ ಕಿತ್ತಳೆ ಹಣ್ಣು ತಂದ. ನನಗೆಂದು ತಂದು, ತಾನೇ ಸುಲಿದು ತಿನ್ನುತ್ತಾ ಮಾತಿಗೆ ಕೂತ.

"ನಿನ್ನನ್ನು ಗೌರವ ಸದಸ್ಯ ಮಾಡೋದು ಅಂತ ಆಗಿತ್ತು ಕಣಯ್ಯಾ."

"ಹಾಗಂದ್ರೆ?"

"ಹಾಗಂದ್ರೆ ಗೌರವ ಕೊಟ್ಟು ಗೇಟಿನಾಚೆ ಬಿಡೋದು. ಆರು ತಿಂಗಳು ಕೆಲಸಕ್ಕೆ ಬಾರದವರಿಗೆ ಮೇಜೂ ಇಲ್ಲ, ಮತವೂ ಇಲ್ಲ ಅಂತ ನಿಯಮ ತಿದ್ದೋಣ ಅಂದ್ರು. ನಿನ್ನ ಕಿಟಕಿ ಪಕ್ಕದ ಜಾಗದಲ್ಲಿ ಹೊಸ ಅಂಟಿನ ಯಂತ್ರ."

"ಯಾರು ಅಂದ್ರು?"

"ಯಾರಂತ ಹೇಳಲಿ? ಎಲ್ಲರೂ ಕೈ ಎತ್ತಿದ್ರು. ನಾನೂ ಎತ್ತಿದೆ. ನಿನ್ನ ಮುಖ ನೋಡ್ಕೊಂಡು ಸುಳ್ಳು ಯಾಕೆ ಹೇಳಲಿ?" ಒಂದು ತೊಳೆ ನನ್ನ ಬಾಯಿಗೂ ಇಟ್ಟ. "ಆದ್ರೆ ಗಂಟೆಯಮ್ಮ ಬಿಡಬೇಕಲ್ಲ!"

ಅವಳು ಗಂಟೆ ಬಾರಿಸಿ, ಕೈಗಳನ್ನು ಎಣಿಸಲೇ ಇಲ್ಲವಂತೆ. ಸಭೆಯ ನೋಟೀಸಿನಲ್ಲಿ ಈ ವಿಷಯ ಇಲ್ಲ, ಆದ್ದರಿಂದ ಇವತ್ತು ಮತಕ್ಕೆ ಹಾಕುವುದಿಲ್ಲ ಎಂದಳಂತೆ. ನಮ್ಮ ದಪ್ಪಣ್ಣನೇ ಎದ್ದು, "ಎಲ್ಲರೂ ಒಪ್ಪಿದ ಮೇಲೆ ನೋಟೀಸು ಯಾಕಮ್ಮಾ?" ಎಂದನಂತೆ. ಅದಕ್ಕೆ ಅವಳು: "ನಿಮ್ಮ ನಿಮ್ಮ ಹಕ್ಕು ಬೇಕಾದ್ರೆ ಬಿಟ್ಟುಕೊಡಿ, ಕುಣಿದಾಡಿ. ಅವನದ್ದನ್ನ ಹೇಗೆ ಬಿಟ್ಟುಕೊಡ್ತೀರಿ? ವಿಷಯ ಗೊತ್ತಿದ್ದಿದ್ರೆ ಅವನು ತೆವಳಿಕೊಂಡಾದ್ರೂ ಬರ್ತಿದ್ದ. ಲೋಕವೆಲ್ಲ ಒಪ್ಪಿದ್ರೂ ಬಾರದವನ ಹಕ್ಕು ಇಲ್ಲಿ ಕೂತವರ ಕೈಲಿಲ್ಲ."

ಈ ಮಾತನ್ನು ದಪ್ಪಣ್ಣ ಎರಡು ಸಲ ಹೇಳಿದ. ಮೊದಲ ಸಲ ಅವಳನ್ನು ಅಣಕಿಸುತ್ತಾ. ಎರಡನೆಯ ಸಲ ಅಣಕ ಮರೆತುಹೋಗಿತ್ತು.

ಮಗಳೇ, ಈಚೆಗೆ ನನಗೆ ನಾನೇ ಸ್ವಲ್ಪ ದೂರದವನಂತೆ ಕಾಣುತ್ತೇನೆ. ಈ ಕೈ ಯಾರೋ ಇಲ್ಲಿ ಬಿಟ್ಟು ಮರೆತು ಹೋದದ್ದು ಅನ್ನಿಸುತ್ತದೆ. ನಾನಿಲ್ಲದ ಕೋಣೆಯಲ್ಲಿ ನಾನು ಇದ್ದೇನೆಂದು ಒಬ್ಬಳು ಪಟ್ಟುಹಿಡಿದು ಕೂತಿದ್ದಳು ಎಂಬುದನ್ನು ಕೇಳಿದಾಗ, ಮೈಯಲ್ಲಿ ನಾನು ಮತ್ತೆ ಬಂದು ಕೂತಂತಾಯಿತು. ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿಲ್ಲ.

ಕೃತಜ್ಞತೆ ಹೇಳಿ ಅವಳಿಗೊಂದು ಕಾಗದ ಹಾಕಿದೆ. ಉತ್ತರ ಬರೆಯದೆ ಅವಳೇ ಬಂದಳು. ಬಾಗಿಲಲ್ಲೇ ನಿಂತು, "ನಿನಗೋಸ್ಕರ ಮಾಡಿದ್ದಲ್ಲಪ್ಪಾ, ತಲೆಗೆ ಏರಿಸ್ಕೋಬೇಡ. ನಿನ್ನ ಜಾಗದಲ್ಲಿ ಆ ದಪ್ಪಣ್ಣ ಮಲಗಿದ್ರೂ ಇದನ್ನೇ ಅಂತಿದ್ದೆ" ಎಂದಳು. ಬರುವ ತಿಂಗಳ ಸಭೆಗೆ ನೋಟೀಸು ಕೊಟ್ಟಿದ್ದಾಳೆ. ಈ ಸಲ ನನ್ನ ವಿಷಯ ಅದರಲ್ಲಿ ಸ್ಪಷ್ಟವಾಗಿದೆ. "ನನ್ನ ಮತ ಯಾವ ಕಡೆಗೋ ಹೇಳಲ್ಲ. ಸೋಲೋದಾದ್ರೆ ಬಂದು ಸೋಲು. ಬಾರದೆ ಸೋಲಬೇಡ." ನೀರೂ ಕುಡಿಯದೆ ಹೊರಟಳು.

ಹೋಗುತ್ತೇನೆ. ಸೂಜಿ ಹಿಡಿಯಲು ಬಾರದಿದ್ದರೂ ಪುಸ್ತಕದ ಹೊಲಿಗೆ ಕಲಿಸಬಲ್ಲೆ ಎಂದು ಹೇಳಬೇಕೆಂದಿದ್ದೇನೆ. ತೊದಲದೆ ಹೇಳಲು ದಿನವೂ ಕಿಟಕಿಯ ಮುಂದೆ ಅಭ್ಯಾಸ ನಡೆದಿದೆ. ಎದುರು ಮನೆಯವರು ಕಾಯಿಲೆ ನನ್ನ ತಲೆಗೂ ಹತ್ತಿದೆ ಅಂದುಕೊಂಡಿರಬೇಕು.

ಗುಡ್ಡದ ಗಾಳಿ ನಿನ್ನ ಮೇಲೆ ದಯೆಯಿಟ್ಟಿರಲಿ. ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿಕೋ. ನೂರು ಕಾಲ ಸುಖವಾಗಿರು ತಾಯಿ.

ನಿನ್ನ ಅಪ್ಪ

ಬರೆಯದೆ ಬಿಡಬೇಕೆಂದಿದ್ದದ್ದು: ದಪ್ಪಣ್ಣ "ಎಲ್ಲರೂ" ಎಂದಿದ್ದನಲ್ಲ, ಅದರಲ್ಲಿ ಅಮ್ಮನೂ ಸೇರಿದ್ದಳು. ಅವಳೇ ಮೊನ್ನೆ ಗುಂಡಿ ಹಾಕುತ್ತಾ ಹೇಳಿದಳು. "ನೀವು ಅಲ್ಲಿ ಕೂತು ಸೂಜಿಗೆ ದಾರ ಪೋಣಿಸೋಕಾಗದೆ ಒದ್ದಾಡೋದನ್ನ ಎದುರು ಮೇಜಿಂದ ನಾನು ನೋಡಬೇಕಲ್ಲ. ನನ್ನಿಂದಾಗಲ್ಲ ರೀ." ಕೊನೆಯ ಗುಂಡಿಯನ್ನೂ ಹಾಕಿಯೇ ಎದ್ದಳು. ಸಭೆಯ ದಿನ ಮಹಡಿಯ ಮೆಟ್ಟಿಲು ಹತ್ತಿಸಲು ಅವಳಲ್ಲದೆ ನನಗೆ ಬೇರೆ ಯಾರಿದ್ದಾರೆ? ಹತ್ತಿಸುತ್ತೇನೆ ಎಂದಿದ್ದಾಳೆ. ಹತ್ತಿಸಿದ ಮೇಲೆ ಮತ್ತೆ ಕೈ ಎತ್ತುತ್ತೀಯಾ ಎಂದು ನಾನು ಕೇಳಿಲ್ಲ.