ಆರು ಪರ್ಸೆಂಟ್ ಬ್ಯಾಟರಿ

ದೋಹಾ, ಅಲ್ ಮನ್ಸೂರಾ
23 ಡಿಸೆಂಬರ್ 2022, ಶುಕ್ರವಾರ

ಮುದ್ದಣ್ಣನಿಗೆ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದು ನಿನಗೆ ಕಾಣುತ್ತದೆ. ಕಾಣಲಿ ಎಂದೇ ಹಾಳೆ ಬದಲಿಸಲಿಲ್ಲ. ಮೊದಲು ಅಪ್ಪ ಹೇಗಿದ್ದಾರೆ ಹೇಳು. ಬಲಗೈ ಬೆರಳುಗಳು ಸ್ವಲ್ಪವಾದರೂ ಅಲ್ಲಾಡುತ್ತವೆಯೇ? ಗಂಜಿ ನುಂಗುವಾಗ ಈಗಲೂ ಕೆಮ್ಮು ಬರುತ್ತದೆಯೇ? ಒಂದು ಮಾತಾದರೂ ಹೊರಟಿತೇ? ಅಪ್ಪನನ್ನು ಎತ್ತಿ ಕೂರಿಸುವ ಕೆಲಸ ಅಮ್ಮನೊಬ್ಬಳ ಮೇಲೆ ಹಾಕಬೇಡ, ಆ ಮಂಡಿ ಇಟ್ಟುಕೊಂಡು ಅವಳಿಂದ ಆಗುವುದಿಲ್ಲ. ನಿನ್ನ ಆರೋಗ್ಯ ನಾನು ಕೇಳುವುದಿಲ್ಲ. ನೀನು ಗ್ರೂಪಿನಲ್ಲಿ ಹಾಕುವ ನಾಲ್ಕು ನಾಲ್ಕು ನಿಮಿಷದ ವಾಯ್ಸ್ ಮೆಸೇಜುಗಳನ್ನು ಗ್ರೀಷ್ಮಾ ಅತ್ತಿಗೆ ನನಗೆ ಕಳುಹಿಸುತ್ತಾರೆ. ಅಷ್ಟು ಉಸಿರಿದ್ದವನಿಗೆ ಕಾಯಿಲೆ ಇರಲಾರದು.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ನೀನೇ ನನ್ನ ನಂಬರು ಬ್ಲಾಕ್ ಮಾಡಿ ಮೂರು ವಾರವಾಯಿತು. ಎರಡು ದಿನ ಬಾಳುವ ಬ್ಯಾಟರಿ ಇಟ್ಟುಕೊಂಡು ತಮ್ಮನಿಗೆ ಎರಡು ನಿಮಿಷ ಕೊಡಲಾಗದವನು ನೀನು. ನನ್ನ ರೂಮಿನ ಸಿರಿಲ್ ಕ್ರಿಸ್‌ಮಸ್‌ಗೆ ಊರಿಗೆ ಹೊರಟಿದ್ದಾನೆ. ಮಂಗಳೂರಿನಲ್ಲಿ ಇಳಿದು ನಮ್ಮ ಹೆಜಮಾಡಿಯ ಮೇಲೆಯೇ ಮನೆಗೆ ಹೋಗುವವನು, ಕಾಗದ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಓದದೆ ಹರಿಯಬೇಡ.

ಅಪ್ಪನನ್ನು ಊರಿಗೆ ಕರೆದುಕೊಂಡು ಹೋದಲ್ಲಿಂದ ನೀನು ಊರೆಲ್ಲ ಹೇಳಿಕೊಂಡು ಬರುತ್ತಿರುವ ಮಾತು ನನಗೆ ಮುಟ್ಟಿದೆ. ‘ಅವನ ಶೋಕಿ ಫೋನಿನಿಂದಾಗಿ ಅಪ್ಪನ ಬಾಯಿ ಹೋಯಿತು’ ಎಂದು ಮಾವನ ಮನೆಯಲ್ಲಿ ಹೇಳಿದೆಯಂತೆ. ‘ನಾನು ಹೇಳುವವರೆಗೆ ಅವನು ಮನೆಯ ಮೆಟ್ಟಿಲು ಹತ್ತಬಾರದು’ ಎಂದೂ ಹೇಳಿದೆಯಂತೆ. ಮನೆ ಯಾವಾಗ ನಿನ್ನೊಬ್ಬನದಾಯಿತು? ಜನವರಿ ಐದಕ್ಕೆ ನನಗೆ ರಜೆ ಮಂಜೂರಾಗಿದೆ. ಅಪ್ಪನನ್ನು ನೋಡಲು ಬಂದೇ ಬರುತ್ತೇನೆ, ಮೆಟ್ಟಿಲ ಮೇಲೆ ಅಡ್ಡ ಮಲಗುವುದಿದ್ದರೆ ಮಲಗು.

ಈ ಜಗಳ ಅಪ್ಪ ಪಾರ್ಶ್ವವಾಯು ಬಡಿದು ಬಿದ್ದ ದಿನ ಹುಟ್ಟಿದ್ದಲ್ಲ, ಅದು ನಿನಗೂ ಗೊತ್ತು. ಎರಡು ವರ್ಷ ಪ್ರತಿ ಶುಕ್ರವಾರ ಇಲ್ಲಿ ನಜ್ಮಾದಲ್ಲಿ ಅಪ್ಪನ ಟೈಲರ್ ಅಂಗಡಿಯಲ್ಲಿ ನಮ್ಮಿಬ್ಬರದು ಇದೇ ಕದನ. ಊಟ ಮುಗಿಸಿ ಕೂತ ಕೂಡಲೇ ನೀನು ನಿನ್ನ ಫೋನನ್ನು ಕಟಿಂಗ್ ಮೇಜಿನ ಮೇಲೆ ಧಡ್ ಎಂದು ಇಡುತ್ತಿದ್ದೆ, ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ. ಆರು ಸಾವಿರ ಎಂಎಎಚ್ ಬ್ಯಾಟರಿ, ಗುರುವಾರ ಚಾರ್ಜಿಗೆ ಹಾಕಿದರೆ ಶನಿವಾರದವರೆಗೆ ಚಿಂತೆಯಿಲ್ಲ ಎಂದು ಶುರು. ನಾನು ನನ್ನದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಿದ್ದೆ. ಒಂದೇ ಕೈಯಲ್ಲಿ ಟೈಪ್ ಮಾಡಬಹುದು, ಅಂಗಿಯ ಜೇಬಿನಲ್ಲಿದ್ದರೆ ಇದೆ ಎಂದೇ ಗೊತ್ತಾಗುವುದಿಲ್ಲ, ಫೋಟೋ ತೆಗೆದರೆ ಮುಖ ಮುಖದ ಹಾಗೆ ಬರುತ್ತದೆ ಎನ್ನುತ್ತಿದ್ದೆ. ತೆಳ್ಳಗೆ ಮಾಡಲು ಹೋಗಿ ಬ್ಯಾಟರಿಯ ಹೊಟ್ಟೆಗೇ ಕತ್ತರಿ ಹಾಕಿದ್ದಾರೆ, ಮಧ್ಯಾಹ್ನ ಮೂರಕ್ಕೆ ನಿನ್ನದು ಚಾರ್ಜರ್ ಹುಡುಕುತ್ತದೆ ಎಂದು ನೀನು. ಬ್ಯಾಟರಿ ತುಂಬಿಸಲು ಹೋಗಿ ಫೋನನ್ನು ಕಲ್ಲು ಮಾಡಿದ್ದಾರೆ, ಮಲಗಿ ನೋಡುವಾಗ ಮೂಗಿನ ಮೇಲೆ ಬಿದ್ದರೆ ಮೂಗಿರುವುದಿಲ್ಲ ಎಂದು ನಾನು. ನಿನ್ನ ಫಾಸ್ಟ್ ಚಾರ್ಜರಿನ ಬಿಸಿಗೆ ಬ್ಯಾಟರಿ ಬೇಗ ಮುದಿಯಾಗುತ್ತದೆ ಎಂದು ನಾನೆಂದರೆ, ನಿನ್ನ ಫೋನಿನ ಗಾಜಿನ ಬೆನ್ನು ಒಮ್ಮೆ ಬಿದ್ದರೆ ಆಯಿತು ಎಂದು ನೀನೆನ್ನುತ್ತಿದ್ದೆ. ಇಬ್ಬರೂ ಸೋಲುತ್ತಿರಲಿಲ್ಲ. ಪಕ್ಕದ ಕೆಫೆಟೇರಿಯಾದ ಪಕೀರಬ್ಬರು ಟೀ ತಂದವರು ನಿಂತು ಕೇಳಿ, ‘ಖಲಾಸ್ ಮಾರಾಯ್ರೇ, ಚಾ ತಣಿತು’ ಎಂದು ಹೇಳಿ ಹೋಗುತ್ತಿದ್ದರು.

ಅಪ್ಪ ಮಾತ್ರ ತಲೆಯೆತ್ತುತ್ತಿರಲಿಲ್ಲ. ತುಟಿಗಳ ನಡುವೆ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆಗೆ ಗುರುತು ಹಾಕುತ್ತಾ ಕೂತಿರುತ್ತಿದ್ದರು. ಪಿನ್ನು ಕಚ್ಚಿಕೊಂಡೇ ಮಾತಾಡುವುದು ಅವರ ಅಭ್ಯಾಸ. ಹೊರಗಿನವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ನಮಗೆ ಮಾತ್ರ ಎಲ್ಲ ಅರ್ಥವಾಗುತ್ತಿತ್ತು. ಅದಕ್ಕೆ ಪಿನ್ನುಭಾಷೆ ಎಂದು ಹೆಸರಿಟ್ಟವನು ನೀನೇ. ಒಂದು ಶುಕ್ರವಾರ ನಮ್ಮ ಗಲಾಟೆ ಜೋರಾದಾಗ ಪಿನ್ನು ತೆಗೆದಿಟ್ಟು ಹೇಳಿದ್ದು ನೆನಪಿದೆಯೇ? ‘ಒಳಗೆ ಒಂದಿಂಚು ಬಟ್ಟೆ ಬಿಡದೆ ಹೊಲಿದವ ಟೈಲರೇ ಅಲ್ಲ. ನಾಳೆ ಹೊಟ್ಟೆ ಬಂದ್ರೆ ಎಲ್ಲಿಂದ ಬಿಡಿಸ್ಲಿಕ್ಕುಂಟು?’ ಎಂದಿದ್ದರು. ನಮ್ಮಿಬ್ಬರ ಫೋನಿನಲ್ಲೂ ಆ ಒಂದಿಂಚು ಇಲ್ಲ, ಬ್ಯಾಟರಿ ಕೆಟ್ಟರೆ ಬೆನ್ನು ಬಿಚ್ಚಲೂ ಆಗುವುದಿಲ್ಲ ಎಂದು ತಮ್ಮ ಗುಂಡಿ ಒತ್ತುವ ಹಳೆಯ ಫೋನು ತೆಗೆದು, ಉಗುರಿನಿಂದ ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿದ್ದರು. ಅದರ ಬ್ಯಾಟರಿ ವಾರ ಬರುತ್ತಿತ್ತು. ಆ ದಿನ ಗೆದ್ದವರು ಅವರೇ.

ಈಗ ನಿನ್ನ ಫೋನಿನ ವಿಷಯಕ್ಕೆ ಬರುತ್ತೇನೆ. ಅದು ನಿನ್ನ ಅಂಗಿಯ ಜೇಬಿಗೆ ಹಿಡಿಸುತ್ತಿರಲಿಲ್ಲ, ಪ್ಯಾಂಟಿನ ಜೇಬಿಗೆ ಹಾಕಿದರೆ ಕೂರಲು ಆಗುತ್ತಿರಲಿಲ್ಲ. ಅದಕ್ಕೆ ನೀನು ಅದನ್ನು ಕಾರಿನಲ್ಲೇ ಬಿಟ್ಟು ಅಡ್ಡಾಡುತ್ತಿದ್ದೆ. ‘ಎಲ್ಲಿದ್ದೀ ಮಗಾ, ಫೋನು ತೆಗೀಲಿಕ್ಕಿಲ್ವಾ’ ಎಂದು ಕೇಳಿ ಕೇಳಿ ಅಪ್ಪನಿಗೆ ಸಾಕಾಯಿತು. ಕೊನೆಗೆ ಅಳತೆ ತೆಗೆದು, ನಿನಗೆಂದು ಆಳವಾದ ಜೇಬಿನ ಮೂರು ಅಂಗಿ ಹೊಲಿದರು. ಜೇಬಿನ ಒಳಗೆ ಎರಡು ಪದರ ಬಟ್ಟೆ, ಭಾರಕ್ಕೆ ಜೋತು ಬೀಳಬಾರದೆಂದು. ನೀನೇನೆಂದೆ? ಬಸ್ಸಿನ ಕಂಡಕ್ಟರನ ಹಾಗೆ ಕಾಣುತ್ತದೆ ಎಂದೆ. ಆ ಮೂರು ಅಂಗಿಗಳು ಇವತ್ತಿಗೂ ಅಂಗಡಿಯ ಹ್ಯಾಂಗರಿನಲ್ಲಿವೆ. ಮೊನ್ನೆ ಬೀಗ ತೆಗೆದು ಧೂಳು ಹೊಡೆಯಲು ಹೋದಾಗ ನೋಡಿದೆ. ಒಂದನ್ನು ಇಳಿಸಿ ಹಾಕಿಕೊಂಡೆ, ನನಗೆ ದೊಡ್ಡದಾಯಿತು, ಮತ್ತೆ ತೂಗುಹಾಕಿ ಬಂದೆ.

ಆ ಸೋಮವಾರ ಏನಾಯಿತು ಎಂದು ನೀನು ಮಾವನಿಗೆ ಪೂರ್ತಿ ಹೇಳಿದ್ದೀಯಾ? ಮಧ್ಯಾಹ್ನದ ಬಿಡುವು, ಅಪ್ಪ ಎಂದಿನಂತೆ ಶಟರ್ ಅರ್ಧ ಎಳೆದು ಒಳಗಿದ್ದರು. ಅರ್ಧ ಶಟರ್ ಎಂದರೆ ಮಲಗಿದ್ದಾರೆ ಎಂದು ಬೀದಿಗೆಲ್ಲ ಗೊತ್ತು, ಯಾರೂ ಬಗ್ಗಿ ನೋಡುವುದಿಲ್ಲ. ಮೂರು ಗಂಟೆ ದಾಟಿದ ಮೇಲೆ ನಿನಗೆ ನಾಲ್ಕು ಸಲ ಫೋನ್ ಮಾಡಿದರು. ಆಂಬುಲೆನ್ಸಿಗೆ ಮಾಡಲಿಲ್ಲ. ಮೂವತ್ತು ವರ್ಷ ಈ ದೇಶದಲ್ಲಿದ್ದರೂ ಅಪ್ಪನಿಗೆ ಆಂಬುಲೆನ್ಸ್ ಎಂದರೆ ಮಕ್ಕಳೇ. ನೀನು ಅಲ್ ಸದ್ದ್‌ನ ಸಲೂನಿನಲ್ಲಿ ತಲೆಕೂದಲು ಕತ್ತರಿಸಿಕೊಳ್ಳುತ್ತಾ ಕೂತಿದ್ದೆ. ನಿನ್ನ ಫೋನು ಕಾರಿನಲ್ಲಿತ್ತು. ಎಷ್ಟು ಚಾರ್ಜಿತ್ತು ಅಣ್ಣ? ಎಂಬತ್ತು ಪರ್ಸೆಂಟ್ ಎಂದು ಆಸ್ಪತ್ರೆಯಲ್ಲಿ ನೀನೇ ಹೇಳಿದೆ. ಎಂಬತ್ತು ಪರ್ಸೆಂಟ್ ಇದ್ದ ಫೋನು ಬೀಗ ಹಾಕಿದ ಕಾರಿನೊಳಗೆ ನಾಲ್ಕು ಸಲ ಬಡಕೊಂಡಿತು. ಐದೂಕಾಲಿಗೆ ಪಕೀರಬ್ಬರು ಟೀ ಗ್ಲಾಸು ಒಯ್ಯಲು ಬಗ್ಗಿ ನೋಡದಿದ್ದರೆ ಅಪ್ಪ ಇವತ್ತು ಇರುತ್ತಿರಲಿಲ್ಲ. ಡಾಕ್ಟರು ಹೇಳಿದ ಮಾತು ನಿನ್ನ ಕಿವಿಗೂ ಬಿದ್ದಿತ್ತು: ಎರಡು ತಾಸು ಮೊದಲು ತಂದಿದ್ದರೆ ಮಾತು ಉಳಿಯುತ್ತಿತ್ತೋ ಏನೋ, ಕೈಯೂ ಉಳಿಯುತ್ತಿತ್ತೋ ಏನೋ.

ಇಷ್ಟಿದ್ದೂ ಬೊಟ್ಟು ಮಾಡಿದ್ದು ನನ್ನ ಕಡೆಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬಹಳ ಮಂದಿ. ನಾನು ಎಜುಕೇಶನ್ ಸಿಟಿ ಸ್ಟೇಡಿಯಂನಲ್ಲಿದ್ದೆ, ನಾಲ್ಕು ಗಂಟೆಯ ವಿಶ್ವಕಪ್ ಮ್ಯಾಚು, ನನ್ನ ಫೋನು ಸತ್ತಿತ್ತು. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದೆ, ಈಗಲೂ ಹೇಳುತ್ತೇನೆ. ಸತ್ತ ಫೋನಿಗೆ ಕಾಲ್ ಬರುವುದಿಲ್ಲ. ಬ್ಯಾಟರಿ ಕಡಿಮೆ ಇರುವುದು ಫೋನು ತಯಾರಿಸಿದವರ ತಪ್ಪು. ಫೋನನ್ನು ಕಾರಿನಲ್ಲಿ ಬಿಡುವುದು ಮನುಷ್ಯನ ತಪ್ಪು. ಇದನ್ನು ನೀನು ಮಾವನಿಗೆ ವಾಯ್ಸ್ ಮೆಸೇಜು ಮಾಡಿ ಹೇಳು.

ಇನ್ನು ಅಪ್ಪನ ಫೋನಿನ ವಿಷಯ. ಅದರ ಬ್ಯಾಟರಿ ಎಲ್ಲಿ ಎಂದು ಅತ್ತಿಗೆಯ ಮೂಲಕ ಎಷ್ಟು ಸಲ ಕೇಳಿಸುತ್ತೀ? ಆಸ್ಪತ್ರೆಯಲ್ಲಿ ನರ್ಸು ಅಪ್ಪನ ಕನ್ನಡಕ, ಅಳತೆಪಟ್ಟಿ, ಫೋನು ಎಲ್ಲ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಬ್ಯಾಟರಿ ಉಬ್ಬಿತ್ತು, ಅಪಾಯ ಎಂದು ಎಸೆದೆ. ಅಂಥದ್ದು ಈಗ ಸಿಗುವುದಿಲ್ಲ. ನೀನು ಮಂಗಳೂರಿನ ಅಂಗಡಿ ಅಂಗಡಿ ತಿರುಗುವುದು ವ್ಯರ್ಥ. ಬುಧವಾರ ಅತ್ತಿಗೆ ಒಂದು ಫೋಟೋ ಕಳುಹಿಸಿದ್ದಾರೆ: ಅಪ್ಪ ಒರಗುಕುರ್ಚಿಯಲ್ಲಿ, ಎಡಗೈಯ ಉಗುರಿನಿಂದ ಫೋನಿನ ಮುಚ್ಚಳ ಬಿಚ್ಚಿ ಆ ಖಾಲಿ ಜಾಗದ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೂತಿದ್ದಾರೆ. ದಿನವಿಡೀ ಹೀಗೇ ಕೂತಿರುತ್ತಾರೆ, ತೆಗೆದಿಟ್ಟರೆ ಸಿಟ್ಟಾಗುತ್ತಾರೆ ಎಂದು ಬರೆದಿದ್ದಾರೆ. ಇಂಥ ಫೋಟೋ ನನಗೆ ಕಳುಹಿಸಬೇಡಿ ಎಂದು ಹೇಳು. ನನಗೆ ಆಫೀಸಿನಲ್ಲಿ ಕೆಲಸವಿರುತ್ತದೆ.

ಇಲ್ಲಿ ವಿಶ್ವಕಪ್ಪಿನ ಗದ್ದಲವೆಲ್ಲ ಮುಗಿದು ಊರು ಖಾಲಿಯಾದ ಹಾಗಿದೆ. ಮೆಟ್ರೋದಲ್ಲಿ ಕುಣಿಯುವವರಿಲ್ಲ, ಬಾವುಟಗಳನ್ನು ಇಳಿಸುತ್ತಿದ್ದಾರೆ. ಪಕೀರಬ್ಬರು ಸಿಕ್ಕಾಗಲೆಲ್ಲ ಅಪ್ಪನನ್ನು ಕೇಳುತ್ತಾರೆ. ಏನು ಹೇಳುವುದು ಎಂದು ತಿಳಿಯದೆ ಆ ಬೀದಿ ಬಿಟ್ಟು ಸುತ್ತಿ ಹೋಗುತ್ತೇನೆ. ಅಂಗಡಿಯ ಮಿಷನ್ನಿಗೆ ಎಣ್ಣೆ ಹಾಕಿದ್ದೇನೆ. ಸೂಜಿಯ ಕೆಳಗೆ ಅಂದು ಹೊಲಿಯುತ್ತಿದ್ದ ಬಟ್ಟೆ ಹಾಗೇ ಇದೆ, ನಾನು ಮುಟ್ಟಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಅತ್ತಿಗೆಗೂ. ಅಪ್ಪನ ಪಾದ ಮುಟ್ಟಿ ನನ್ನ ಹೆಸರು ಹೇಳು. ಹೇಳಲು ನಿನಗೆ ಇಷ್ಟವಿಲ್ಲದಿದ್ದರೆ ಅಮ್ಮ ಹೇಳಲಿ. ನಿನಗೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ, ಬರಿಯ ಹೆಸರು ಬರೆಯುತ್ತೇನೆ.

ಕೃತಿಕ್

ತಾ.ಕ.: ಸಿರಿಲ್ ಬೂಟು ಹಾಕಿಕೊಳ್ಳುತ್ತಿದ್ದಾನೆ, ಟ್ಯಾಕ್ಸಿ ಕೆಳಗೆ ಬಂದಿದೆ. ಲಕೋಟೆ ಅಂಟಿಸಿದ್ದವನು ಮತ್ತೆ ಹರಿದೆ. ಇದರ ಜೊತೆ ಕಾಗದದಲ್ಲಿ ಸುತ್ತಿದ ಚಿಕ್ಕ ಪೊಟ್ಟಣವಿದೆ, ಅದು ಅಪ್ಪನ ಫೋನಿನ ಬ್ಯಾಟರಿ. ಉಬ್ಬಿಲ್ಲ, ಎಸೆದೂ ಇಲ್ಲ. ಆಸ್ಪತ್ರೆಯ ಬಾತ್‌ರೂಮಿನಲ್ಲಿ ನಾನೇ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೆ, ನೀನು ನೋಡಬಾರದೆಂದು. ಚಾರ್ಜು ಮಾಡಿ ಹಾಕು. ಅಪ್ಪ ಅಂದು ಮಾಡಿದ ಕಾಲ್‌ಗಳಲ್ಲಿ ನಿನ್ನದು ನಾಲ್ಕು ಸಲ ಇದೆ. ಅದಕ್ಕಿಂತ ಮೊದಲು, ಮೂರು ಗಂಟೆ ನಾಲ್ಕು ನಿಮಿಷಕ್ಕೆ, ನನ್ನ ಹೆಸರಿದೆ. ಅದರ ಮೇಲೆ ಒತ್ತಿದರೆ ಎಷ್ಟು ಹೊತ್ತು ಮಾತಾಯಿತು ಎಂದು ತೋರಿಸುತ್ತದೆ: ಹನ್ನೊಂದು ಸೆಕೆಂಡ್. ನನ್ನ ಫೋನು ಆಗ ಸತ್ತಿರಲಿಲ್ಲ. ಆರು ಪರ್ಸೆಂಟ್ ಇತ್ತು. ಮೆಟ್ರೋದಲ್ಲಿ ಕುಣಿಯುವವರ ವೀಡಿಯೋ ತೆಗೆದು ತೆಗೆದು ಖಾಲಿ ಮಾಡಿದ್ದೆ, ಮ್ಯಾಚಿನ ಟಿಕೆಟು ಫೋನಿನಲ್ಲೇ ಇತ್ತು, ಗೇಟಿನ ಸಾಲು ಇನ್ನೂ ಉದ್ದವಿತ್ತು. ಆರಕ್ಕೆ ಇಳಿದರೆ ನನ್ನದು ಯಾವಾಗ ಬೇಕಾದರೂ ಆಫ್ ಆಗುತ್ತದೆ ಎಂದು ನಿನಗೂ ಗೊತ್ತು. ಅಪ್ಪ ಏನೋ ಹೇಳಿದರು, ಸ್ಪಷ್ಟ ಇರಲಿಲ್ಲ. ಪಿನ್ನು ಕಚ್ಚಿಕೊಂಡು ಮಾತಾಡುತ್ತಿದ್ದಾರೆ ಎಂದುಕೊಂಡೆ. ‘ಅಪ್ಪಾ, ಬ್ಯಾಟರಿ ಇಲ್ಲ, ಮ್ಯಾಚ್ ಮುಗಿದ ಮೇಲೆ ಮಾಡ್ತೇನೆ’ ಎಂದು ಹೇಳಿ ಕಟ್ ಮಾಡಿದೆ. ಟಿಕೆಟು ಸ್ಕ್ಯಾನ್ ಆಯಿತು, ಒಳಗೆ ಹೋದೆ, ಅರ್ಧ ಮ್ಯಾಚಿನಲ್ಲಿ ಫೋನು ಸತ್ತಿತು, ಅಷ್ಟು ಮಾತ್ರ ನಿಜ. ಅಲ್ಲಿಂದಲೇ ಪಕೀರಬ್ಬರಿಗೆ ಒಂದು ಕಾಲ್ ಮಾಡಿದ್ದರೂ ಸಾಕಿತ್ತು. ನಿನಗಾದರೂ ಅಪ್ಪನ ಫೋನು ಕೇಳಿಸಿರಲಿಲ್ಲ. ಮೇಲೆ ನಿನಗೆ ಬರೆದ ಬೈಗುಳ ಹೊಡೆದುಹಾಕಲು ಸಮಯವಿಲ್ಲ, ಹಾಗೇ ಇರಲಿ. ಜನವರಿಯಲ್ಲಿ ಬರಬೇಕೋ ಬೇಡವೋ ನೀನೇ ಹೇಳು, ಬೇಡ ಎಂದರೆ ಬರುವುದಿಲ್ಲ. ಮಾವನಿಗೂ ಅಮ್ಮನಿಗೂ ತೋರಿಸು. ಅಪ್ಪನಿಗೆ ತೋರಿಸಬೇಕಾಗಿಲ್ಲ, ಅವರಿಗೆ ಗೊತ್ತಿದೆ.