ಸ್ಪಷ್ಟವಾಗಿ ಕಂಡದ್ದು ಸುಳ್ಳೆಂದು ನಮಗೇಕೆ ಹೇಳಲಿಲ್ಲ?

ಕಣ್ಣಾಸ್ಪತ್ರೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಆಸ್ಪತ್ರೆಯವರು ಹೇಳದೆ ಬಿಟ್ಟ ಒಂದೇ ಒಂದು ಮಾತಿನಿಂದ ನನ್ನ ಅತ್ತೆಯ ಕೈ ಮುರಿಯಿತು. ಮುರಿದವರು ನೀವಲ್ಲ, ನಾನು. ಆದರೆ ನನಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು. ನನ್ನ ದೂರು ಇಷ್ಟೇ. ಉಳಿದದ್ದನ್ನು ಪುರಸೊತ್ತಿದ್ದಾಗ ಓದಿ. ನಿಮ್ಮ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವರಂತೆ ಈ ಪತ್ರವೂ ಕಾಯುತ್ತದೆ.

ನಾನು ನಿಮ್ಮ ಹಿಂದಿನ ಗೇಟಿನೆದುರು ಕನ್ನಡಕದ ಅಂಗಡಿ ನಡೆಸುವವಳು. ನಿಮ್ಮ ವೈದ್ಯರು ಬರೆದುಕೊಡುವ ಚೀಟಿಯಿಂದಲೇ ನಮ್ಮ ಮನೆಯ ಒಲೆ ಉರಿಯುತ್ತದೆ. ಇಂಥ ಪತ್ರ ಬರೆಯುವುದೆಂದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ ಎಂದು ನನ್ನ ಗಂಡ ಎಚ್ಚರಿಸಿದರು. ಕಡಿಯುತ್ತಿದ್ದೇನೆ. ಗಾಜು ಬದಲಿಸುತ್ತ "ಈಗ ಸ್ಪಷ್ಟವಾಗಿ ಕಾಣ್ತಾ? ಈಗ?" ಎಂದು ಕೇಳುವುದು ದಿನವಿಡೀ ನನ್ನ ಕೆಲಸ. ಸ್ಪಷ್ಟವಾಗಿ ಕಾಣುವುದೇ ನಿಜ ಎಂಬ ನಂಬಿಕೆಯ ಮೇಲೆ ನಿಂತ ಅಂಗಡಿ ನನ್ನದು.

ನನ್ನ ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತಿದ್ದವರು. ಮುಖ ಕಾಣದ ಜನರ ದನಿ ಕೇಳುತ್ತಲೇ ಅವರ ನೌಕರಿ ಮುಗಿಯಿತು. ಆಮೇಲೆ ಕಣ್ಣು ಮಂಜಾಗತೊಡಗಿತು. ನಿಮ್ಮ ವೈದ್ಯರು ದೀಪ ಬಿಟ್ಟು ನೋಡಿ, "ಅಜ್ಜೀ, ಎರಡೂ ಕಣ್ಣಿನ ನಡುಭಾಗ ಸವೆದುಹೋಗಿದೆ. ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ. ಅಂಚಲ್ಲಿ ಸ್ವಲ್ಪ ಕಾಣ್ತಿರುತ್ತೆ, ಅಭ್ಯಾಸ ಮಾಡ್ಕೊಳ್ಳಿ" ಎಂದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತೆ ಕುರ್ಚಿಯಿಂದ ಏಳುವ ಮೊದಲೇ ಮುಂದಿನವರ ಹೆಸರು ಕೂಗಿಯಾಗಿತ್ತು.

ಕೆಲವು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. "ಮೆಟ್ಟಿಲ ಮೇಲೆ ನೀಲಿ ಟೋಪಿ ಹಾಕ್ಕೊಂಡು ಮಕ್ಕಳು ಕೂತಿದಾರಲ್ಲ, ಯಾರವರು? ಪಾಪ, ತಿನ್ನೋಕೆ ಏನಾದ್ರೂ ಕೊಡು."

"ಅಲ್ಲಿ ಯಾರೂ ಇಲ್ಲ ಅತ್ತೆ."

"ಟೋಪಿ ಹೊಲಿಗೆ ಕೂಡ ಕಾಣ್ತಿದೆ ಕಣೇ!"

ಎದುರು ನಿಂತ ಸೊಸೆಯ ಮುಖ ಗುರುತು ಹತ್ತದವರಿಗೆ ಟೋಪಿಯ ಹೊಲಿಗೆ ಕಂಡಿತಂತೆ! ನನಗೆ ಮೈಯೆಲ್ಲ ಉರಿಯಿತು. ಎಲ್ಲರೂ ತಮ್ಮ ಸುತ್ತ ಓಡಾಡಲಿ ಎಂದು ನಾಟಕ ಆಡುತ್ತಿದ್ದಾರೆ ಎಂದುಕೊಂಡೆ. ಮುಂದೆ ಅವರ ಕಣ್ಣಿಗೆ ಹಾಲ್‌ನ ನಡುವೆ ಇಟ್ಟಿಗೆ ಗೋಡೆ ಎದ್ದಿತು, ನೆಲದ ತುಂಬ ಹೂಬಳ್ಳಿ ಹಬ್ಬಿತು. ಆಗ ನಾಟಕವಲ್ಲ, ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದೆ. ನಿರ್ದೇಶಕರೇ, ನೋಡಿ, ಎರಡು ರೋಗ ಪತ್ತೆ ಮಾಡಿದೆ, ಎರಡೂ ತಪ್ಪು. ಆರು ವರ್ಷದ ಮಗಳಿಗೆ "ಅಜ್ಜಿ ಹತ್ರ ಒಬ್ಬಳೇ ಇರ್ಬೇಡ" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದೆ. ದನಿಯಲ್ಲೇ ಬದುಕಿದವರ ಕಿವಿ ಎಷ್ಟು ಚುರುಕಾಗಿರುತ್ತದೆಂದು ನನಗೆ ಹೊಳೆಯಲೇ ಇಲ್ಲ. ಅಂದಿನಿಂದ ಅತ್ತೆ ಏನು ಕಂಡಿತೆಂದು ಹೇಳುವುದನ್ನು ಬಿಟ್ಟರು.

ನಾನೋ, ಗುಣವಾಯಿತೆಂದು ಬೀಗಿದೆ. ನನ್ನದೇ ಒಂದು ಚಿಕಿತ್ಸೆಯೂ ಇತ್ತು. ಅವರು ನಡೆಯುತ್ತ ಎಲ್ಲಾದರೂ ತಡೆದು ನಿಂತರೆ ಸಾಕು, ಹಿಂದಿನಿಂದ "ಏನೂ ಇಲ್ಲ ಅತ್ತೆ, ನೇರ ನಡೀರಿ" ಎಂದು ಗದರುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಆ ಗೋಡೆಯೊಳಗೇ ಹಾದುಹೋಗುತ್ತಿದ್ದರು. ಒಳ್ಳೆ ವಿದ್ಯಾರ್ಥಿನಿ. ಒಂದು ಸಂಜೆ ಅಂಗಡಿಯಿಂದ ಮನೆಗೆ ಹೊರಟಿದ್ದೆವು, ಅತ್ತೆ ನಾಲ್ಕು ಹೆಜ್ಜೆ ಮುಂದಿದ್ದರು. ಪೈಪು ಹಾಕಲು ಯಾರೋ ಕಾಲುದಾರಿ ಅಗೆದು ಅಡ್ಡಕ್ಕೆ ಇಟ್ಟಿಗೆ ಪೇರಿಸಿದ್ದರು. ಅತ್ತೆ ನಿಂತರು. ನಾನು ಫೋನಿನಲ್ಲಿ ಗಿರಾಕಿಯೊಂದಿಗೆ ಮಾತಾಡುತ್ತಿದ್ದವಳು ತಲೆ ಎತ್ತದೆ "ಏನೂ ಇಲ್ಲ, ನೇರ ನಡೀರಿ" ಎಂದೆ. ಅವರು ನಡೆದರು. ಇಟ್ಟಿಗೆ ಉರುಳಿದ ಸದ್ದಿಗೆ ತಲೆ ಎತ್ತಿದೆ.

ಈಗ ನಿಮ್ಮ ಸರದಿ. ಅತ್ತೆಯ ಕೈಗೆ ಇನ್ನೂ ಪ್ಲಾಸ್ಟರ್ ಇದ್ದಾಗಲೇ ನಿಮ್ಮ ಆಸ್ಪತ್ರೆಯಿಂದ ಕನ್ನಡಕದ ಅಂಗಡಿಯವರಿಗೆಲ್ಲ ಒಂದು ಉಪನ್ಯಾಸಕ್ಕೆ ಆಹ್ವಾನ ಬಂತು. ಮೇಲಿನ ಮಹಡಿ, ತಂಪು ಸಭಾಂಗಣ, ಚಹಾ, ಬಿಸ್ಕತ್ತು. ನಾವು ನೋಡುವುದು ಹೇಗೆ ಎಂಬ ಬಗ್ಗೆ ಸಂಶೋಧನೆ ಮಾಡುವ ನಿಮ್ಮ ವಿಜ್ಞಾನಿ ಬಹಳ ಚೆನ್ನಾಗಿ ಮಾತಾಡಿದರು. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದರೆ ಮಿದುಳು ಕೈಕಟ್ಟಿ ಕೂರುವುದಿಲ್ಲ, ತನ್ನಲ್ಲಿರುವ ಬಣ್ಣ, ಗೆರೆ, ಮುಖಗಳನ್ನು ತಾನೇ ಜೋಡಿಸಿ ತೋರಿಸುತ್ತದೆ ಎಂದರು. ಬುದ್ಧಿ ಪೂರ್ತಿ ನೆಟ್ಟಗಿರುವವರಿಗೂ ಹೀಗಾಗುತ್ತದೆ, ಹುಚ್ಚು ಅಂದಾರು ಎಂಬ ಹೆದರಿಕೆಯಿಂದ ಅನೇಕರು ಬಾಯಿ ಬಿಡುವುದಿಲ್ಲ ಎಂದರು. ತೆರೆಯ ಮೇಲೆ ರೋಗಿಯೊಬ್ಬರು ಬಿಡಿಸಿದ ಚಿತ್ರ ಬಂತು. ಮೆಟ್ಟಿಲ ಮೇಲೆ ಟೋಪಿ ಹಾಕಿದ ಗಿಡ್ಡ ಜನ ಸಾಲಾಗಿ ಕೂತಿದ್ದರು. ನನ್ನ ಕೈಯ ಬಿಸ್ಕತ್ತು ಚಹಾದಲ್ಲಿ ಕರಗಿ ತಳ ಸೇರಿತು.

ಉಪನ್ಯಾಸ ಮುಗಿದ ಮೇಲೆ ಅವರ ಬಳಿ ಹೋಗಿ, ಇದನ್ನು ರೋಗಿಗಳಿಗೆ ಯಾಕೆ ಹೇಳುವುದಿಲ್ಲ ಎಂದು ಕೇಳಿದೆ. "ಅದು ಕೆಳಗಿನ ವಿಭಾಗದವರ ಕೆಲಸ, ಮೇಡಂ" ಎಂದರು. ಕೆಳಗಿಳಿದು ಬಂದೆ. ಅತ್ತೆಯನ್ನು ನೋಡಿದ್ದ ವೈದ್ಯರು, "ಸುಮ್ನೆ ಹೇಳಿದ್ರೆ ಹೆದರ್ಕೋತಾರಮ್ಮ. ಕೇಳಿದ್ರೆ ಹೇಳ್ತೀವಿ" ಎಂದರು. ಏನು ಕೇಳಬೇಕಿತ್ತು, ನಿರ್ದೇಶಕರೇ? "ಡಾಕ್ಟರೇ, ಮುಂದೆ ನನಗೆ ಇಲ್ಲದ ಮಕ್ಕಳು ಕಂಡರೆ ಅದು ಹುಚ್ಚಲ್ಲ ತಾನೇ?" ಎಂದು ಅತ್ತೆ ಮುಂಗಡವಾಗಿ ವಿಚಾರಿಸಿಕೊಂಡು ಬರಬೇಕಿತ್ತೇ? ಮೇಲಿನ ಮಹಡಿಯ ಜ್ಞಾನ ಕೆಳಗಿನ ಮಹಡಿಗೆ ಬರಲು ನಿಮ್ಮಲ್ಲಿ ಲಿಫ್ಟ್ ಇಲ್ಲವೇ? ನಾನೇ ಕಂಡಿದ್ದೇನಲ್ಲ, ಎರಡೆರಡು ಇವೆ.

ನಿಮ್ಮನ್ನು ಬೈದರೆ ನನ್ನ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗುತ್ತಿಲ್ಲ. ಅತ್ತೆಗೆ ಹೀಗಾಗುವ ಮೊದಲೇ ಒಬ್ಬ ಮುದುಕ ದರ್ಜಿ ನನ್ನ ಅಂಗಡಿಗೆ ಬಂದು, ಬಿಳಿ ಬಟ್ಟೆಯ ಮೇಲೆಲ್ಲ ಜಾಲರಿ ಕಾಣುತ್ತದಮ್ಮ ಎಂದಿದ್ದ. ನಾನು ಅವನ ಕನ್ನಡಕ ಒರೆಸಿ, ಗಾಜಿನ ಮೇಲೆ ಕಲೆಯಿತ್ತು ನೋಡಿ ಎಂದು ನಕ್ಕು ಕಳಿಸಿದ್ದೆ. ಮತ್ತೆ ಅವನು ಬರಲಿಲ್ಲ.

ಉಪನ್ಯಾಸದ ದಿನ ಮನೆಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ, ಕ್ಷಮೆಯನ್ನೂ ಕೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಹಂಗಾದ್ರೆ ನನ್ನ ತಲೆ ಸರಿಯಿದೆ ಅನ್ನು" ಎಂದರು. ಇಷ್ಟು ದಿನ ಅವರೂ ಅದನ್ನು ನಂಬಿರಲಿಲ್ಲ! ಪ್ಲಾಸ್ಟರಿನ ಕೈ ತೊಡೆಯ ಮೇಲಿಟ್ಟುಕೊಂಡು ತಾವೇ ಲೆಕ್ಕ ಹಾಕಿ ನೋಡಿದರು. "ಹಾಲ್‌ನಲ್ಲಿ ಕಾಣೋ ಗೋಡೇಲಿ ಒಂದೊಂದು ಇಟ್ಟಿಗೇನೂ ಎಣಿಸ್ಬೋದು. ಅವತ್ತು ದಾರೀಲಿದ್ದಿದ್ದು ಮಸುಕಾಗಿತ್ತು. ಅಂದ್ರೆ ಮಸುಕಾಗಿ ಕಾಣೋದೇ ನಿಜ." ಮಗಳು ಓಡಿಬಂದು, "ಅಜ್ಜೀ, ನಾನು ಮಸುಕಾ?" ಎಂದಳು. "ಪೂರ್ತಿ ಮಸುಕು ಕಣೇ, ಬಾ" ಎಂದು ಪಕ್ಕಕ್ಕೆ ಎಳೆದುಕೊಂಡರು. ನಾನೂ ನಕ್ಕೆ.

ಆಗ ಅತ್ತೆ ನನ್ನ ಕಡೆ ತಿರುಗಿದರು. "ನಿನ್ನ ಮುಖಾನೂ ಒಂದ್ಸಲ ಸ್ಪಷ್ಟವಾಗಿ ಕಂಡಿತ್ತು. ಈ ಕಿಟಕಿ ಹತ್ರಾನೇ ನಿಂತಿದ್ದೆ."

"ಹೇಗೆ ಕಂಡೆ ಅತ್ತೆ?"

"ನನ್ನ ನೋಡ್ಕೊಂಡು ನಗ್ತಿದ್ದೆ. ಆಗ್ಲೇ ಗೊತ್ತಾಯ್ತು ಬಿಡು, ಇದು ನೀನಲ್ಲ ಅಂತ."

ಚುಚ್ಚಲೆಂದು ಹೇಳಿದ ಮಾತಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಚಹಾ ಕೇಳಿದರು.

ಕೈ ಕೂಡಿಕೊಂಡಿದೆ. ಆದರೆ ಅತ್ತೆ ಹೊಸ್ತಿಲು ದಾಟುವುದಿಲ್ಲ. ನಾನು ಕೈ ಹಿಡಿದು "ದಾರಿ ಚೆನ್ನಾಗಿದೆ, ಬನ್ನಿ" ಎಂದರೂ ಕಾಲಿನಿಂದ ನೆಲ ತಡವಿ, ಹಿಂದಕ್ಕೆ ಸರಿಯುತ್ತಾರೆ. ಅವರು ಈಗ ನಂಬದಿರುವುದು ಕಣ್ಣನ್ನಲ್ಲ, ನನ್ನ ಮಾತನ್ನು. ಅದನ್ನು ರಿಪೇರಿ ಮಾಡುವ ಅಂಗಡಿ ಎಲ್ಲಿದೆಯೋ ನನಗೆ ತಿಳಿಯದು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಕಣ್ಣು ಹೋಗುತ್ತಿದೆ ಎಂದು ಹೇಳುವ ಕುರ್ಚಿಯಲ್ಲೇ, ಆ ರೋಗಿ ಏಳುವ ಮೊದಲು, "ಇಲ್ಲದ್ದು ಕಾಣಬಹುದು, ಅದು ಹುಚ್ಚಲ್ಲ, ಬಂದು ಹೇಳಿ" ಎಂದು ನಿಮ್ಮ ವೈದ್ಯರು ಹೇಳಲಿ. ಜೊತೆಗೆ ಬಂದವರಿಗೂ ಕೇಳುವಂತೆ ಹೇಳಲಿ, ನನ್ನಂಥವರು ಅಲ್ಲೇ ಹಿಂದೆ ನಿಂತಿರುತ್ತಾರೆ. ಇದಕ್ಕೆ ಯಂತ್ರ ಬೇಡ, ಸಮಿತಿಯೂ ಬೇಡ. ಮುಂದಿನ ಹೆಸರು ಕೂಗುವುದನ್ನು ಒಂದು ಉಸಿರಿನಷ್ಟು ತಡ ಮಾಡಿದರೆ ಸಾಕು. ಆ ಮಾತು ತಡವಾಗಿ ಬಂದರೆ ಏನಾಗುತ್ತದೆಂದು ನನ್ನನ್ನು ಕೇಳಿ. ಈಗ ಪ್ರತಿ ಸಂಜೆ ಅಂಗಡಿ ಮುಚ್ಚಿ ಹೋಗಿ ಅತ್ತೆಯೆದುರು ಕೂತು ನಗುತ್ತೇನೆ. ಅದು ಅವರಿಗೆ ಕಾಣುವುದಿಲ್ಲ.

ಇಂತಿ,
ಮಸುಕಾಗಿ ಕಾಣುವುದರಿಂದಷ್ಟೇ ನಿಜವೆನಿಸಿಕೊಂಡ ಸೊಸೆ,
ಹಿಂದಿನ ಗೇಟಿನೆದುರಿನ ಕನ್ನಡಕದಂಗಡಿ