ಭೂವಿಜ್ಞಾನಕ್ಕೆ ಸಹಿ

ತಂಗೀ,

ಇವತ್ತು ಮಧ್ಯಾಹ್ನ ಮಗಳ ಶಾಲೆಗೆ ಹೋಗಿದ್ದೆ. ಕೊನೆಯ ಎರಡು ವರ್ಷಗಳಿಗೆ ವಿಷಯ ಆರಿಸಬೇಕಿತ್ತು. ಅವಳು ಭೂವಿಜ್ಞಾನಕ್ಕೆ ಗುರುತು ಹಾಕಿ, ಶನಿವಾರ ಬೆಟ್ಟ ಸುತ್ತಿ ಕಲ್ಲು ಗುರುತಿಸುವ ಹೆಚ್ಚಿನ ತರಗತಿಗೂ ಹೆಸರು ಬರೆದು, ಹಾಳೆಯನ್ನು ನನ್ನತ್ತ ಸರಿಸಿದಳು.

ಅಪ್ಪ ತೀರಿಕೊಂಡ ವರ್ಷ ನೀನೂ ಇದೇ ವಿಷಯ ಬರೆದು ನನ್ನ ಸಹಿಗೆ ತಂದಿದ್ದೆ. ನಾನು ಅದನ್ನು ಹೊಡೆದುಹಾಕಿ ವಾಣಿಜ್ಯ ಎಂದು ಬರೆದಿದ್ದೆ. ನೀನು ಮನೆ ಬಿಟ್ಟು ಹದಿನೆಂಟು ವರ್ಷವಾಯಿತು. ಈ ಕಾಗದ ಕಳಿಸಲು ನನ್ನಲ್ಲಿ ವಿಳಾಸವೂ ಇಲ್ಲ.

"ಮನೇಲಿ ಬೇರೆ ಯಾರಿಗಾದ್ರೂ ಈ ಕಲ್ಲಿನ ಹುಚ್ಚಿತ್ತಾ?" ಎಂದು ಟೀಚರ್ ನಗುತ್ತಾ ಕೇಳಿದರು.

"ಇಲ್ಲ ಮಿಸ್, ನಮ್ಮನೇಲಿ ನಾನೇ ಮೊದಲು," ಎಂದಳು ಮಗಳು.

ಅವಳಿಗೊಬ್ಬ ಸೋದರತ್ತೆ ಇದ್ದಾಳೆಂದು ನಾನಿನ್ನೂ ಹೇಳಿಲ್ಲ. ತಲೆ ತಗ್ಗಿಸಿ ಸಹಿ ಹಾಕಿದೆ.